ನಾಲ್ಕನೇ ಕಾಲಂ: ಹಳ್ಳಿಯ ಶಾಸಕರು ಸದನದಲ್ಲಿ ಕೇಳಬೇಕಾದ್ದು

ಶಾಸಕರು ಊರಿಗೆ ಬಂದ ದಿನ ಅವರ ಪಿಎ ಕೈಯಲ್ಲಿರುವ ಫೈಲನ್ನು ಒಮ್ಮೆ ಗಮನಿಸಿ. ಸಂಜೆ ಹೊತ್ತಿಗೆ ಅದರಲ್ಲಿ ಸೇರುವ ಮನವಿಗಳಲ್ಲಿ ಮುಕ್ಕಾಲುಪಾಲು ಕಟ್ಟಡದ್ದೇ ಇರುತ್ತವೆ. ಸಮುದಾಯ ಭವನ, ಶಾಲೆಗೆ ಕಾಂಪೌಂಡು, ದೇವಸ್ಥಾನದ ಮುಂದೆ ಹೈಮಾಸ್ಟ್ ದೀಪ, ಆಸ್ಪತ್ರೆಗೆ ಹೊಸ ಬ್ಲಾಕು, ಬಸ್ ತಂಗುದಾಣ. ತಂಗುದಾಣ ಕೇಳುತ್ತೇವೆ, ಬಸ್ಸು ಕೇಳುವುದಿಲ್ಲ. ಕೇಳಿದರೂ ಬಾಯಿಮಾತಲ್ಲಿ ಕೇಳುತ್ತೇವೆ. ಅವರು ಅಲ್ಲೇ ನಿಂತು ಡಿಪೋ ಮ್ಯಾನೇಜರಿಗೆ ಫೋನ್ ಹಚ್ಚುತ್ತಾರೆ, ಒಂದು ವಾರ ಬಸ್ಸು ಬರುತ್ತದೆ, ಆಮೇಲೆ ನಿಲ್ಲುತ್ತದೆ.

ಇದಕ್ಕೆ ಶಾಸಕರೊಬ್ಬರನ್ನೇ ದೂರಿ ಫಲವಿಲ್ಲ, ಕಾರಣ ಹಣದ ಲೆಕ್ಕದಲ್ಲಿದೆ. ಬಜೆಟ್ ಪುಸ್ತಕದಲ್ಲಿ ಪ್ರತಿ ಖರ್ಚಿಗೂ ನಾಲ್ಕಂಕಿಯ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ಆರೋಗ್ಯಕ್ಕೆ 2210 ಅಂತ ಒಂದು, 4210 ಅಂತ ಇನ್ನೊಂದು. ಶಿಕ್ಷಣಕ್ಕೆ 2202 ಮತ್ತು 4202. ಮೊದಲ ಅಂಕಿ 2 ಇದ್ದರೆ ಅದು ದಿನನಿತ್ಯ ನಡೆಸುವ ಖರ್ಚು, ಅಂದರೆ ಸಂಬಳ, ಔಷಧ, ಕರೆಂಟ್ ಬಿಲ್ಲು. 4 ಇದ್ದರೆ ಕಟ್ಟಡ, ಯಂತ್ರ, ಬಂಡವಾಳದ ಬಾಬ್ತು. ಗುದ್ದಲಿ ಪೂಜೆ ನಡೆಯುವುದು 4210ರಲ್ಲಿ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಬಾಗಿಲು ತೆಗೆಯುವ ನರ್ಸಮ್ಮನ ಸಂಬಳ 2210ರಲ್ಲಿ. ಶಾಸಕರ ಕೈಯಲ್ಲೇ ಇರುವ ದುಡ್ಡೆಂದರೆ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದು ಜಿಲ್ಲಾಧಿಕಾರಿಗಳ ಮೂಲಕ ಖರ್ಚಾಗುತ್ತದೆ, ಶಾಶ್ವತ ಆಸ್ತಿಗಷ್ಟೇ ಬಳಸಬೇಕು. ಅದರಲ್ಲಿ ಕಟ್ಟಡ ಕಟ್ಟಬಹುದು, ನರ್ಸಿಗೆ ಒಂದು ತಿಂಗಳ ಸಂಬಳ ಕೊಡಲಾಗದು. ಶಾಸಕರು ತಾವಾಗಿ ಕೊಡಬಲ್ಲದ್ದು ಕಟ್ಟಡ. ನಡೆಸುವ ಖರ್ಚನ್ನು ಅವರು ಸರ್ಕಾರದಿಂದ ಕೇಳಿಯೇ ತರಬೇಕು, ಅದನ್ನು ಕೇಳುವ ಜಾಗ ಸದನ. ಅಲ್ಲಿ ಹೇಗೆ ಕೇಳಿದರೆ ಕೆಲಸ ಆಗುತ್ತದೆ, ಅದಕ್ಕೆ ನೀವು, ಅಂದರೆ ಪಂಚಾಯ್ತಿ ಸದಸ್ಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರು, ಸಂಘದ ಹೆಣ್ಣುಮಕ್ಕಳು ಏನನ್ನು ಬರೆದು ಕೊಡಬೇಕು ಅನ್ನುವುದಷ್ಟೇ ನನ್ನ ಇವತ್ತಿನ ವಿಷಯ.

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡೋಣ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ ಅನ್ನುವುದು ರಾಷ್ಟ್ರೀಯ ಮಾನದಂಡ. ಈ ಲೆಕ್ಕದಲ್ಲಿ ಕೇಂದ್ರಗಳು ಹಲವೆಡೆ ಇವೆ, ಬೋರ್ಡೂ ಇದೆ. ಸದನದಲ್ಲಿ ಖಾಲಿ ಹುದ್ದೆ ಎಷ್ಟು ಅಂತ ಕೇಳಿದರೆ ಇಲಾಖೆ ಮೂರು ಕಾಲಮ್ಮಿನ ಒಂದು ಪಟ್ಟಿ ಕೊಡುತ್ತದೆ: ಮಂಜೂರು, ಭರ್ತಿ, ಖಾಲಿ. ಮಂಜೂರು 1, ಭರ್ತಿ 1, ಖಾಲಿ 0. ಪಟ್ಟಿ ಸರಿಯಾಗೇ ಇದೆ. ಊರಿಗೆ ಬಂದು ನೋಡಿದರೆ ಡಾಕ್ಟರಿಲ್ಲ. ಸುಳ್ಳು ಎಲ್ಲಿದೆ? ಸುಳ್ಳು ಇಲ್ಲ. ಆ ಡಾಕ್ಟರ ಸಂಬಳ ನಿಮ್ಮ ಪಿಎಚ್‌ಸಿಯಲ್ಲೇ ಆಗುತ್ತಿದೆ, ಕೆಲಸ ಮಾತ್ರ ನಿಯೋಜನೆ ಮೇಲೆ ಜಿಲ್ಲಾ ಕೇಂದ್ರದಲ್ಲಿ. ವಾರಕ್ಕೆ ಮೂರು ದಿನ ಇಲ್ಲಿ, ಮೂರು ದಿನ ಪಕ್ಕದ ಕೇಂದ್ರದ ಪ್ರಭಾರ ಅಂತಲೂ ಇರಬಹುದು. ಫಾರ್ಮಸಿ ಅಧಿಕಾರಿ, ಲ್ಯಾಬ್ ಟೆಕ್ನಿಷಿಯನ್ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ಪಟ್ಟಿಗೆ ನಾಲ್ಕನೇ ಕಾಲಂ ಒಂದನ್ನು ಕೇಳಿ ಹಾಕಿಸಬೇಕು: ವೇತನ ಈ ಕೇಂದ್ರದಲ್ಲಿ ಪಡೆದು ನಿಯೋಜನೆ ಅಥವಾ ಪ್ರಭಾರದ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರು ಎಷ್ಟು, ಎಲ್ಲಿ, ಯಾವ ದಿನಾಂಕದಿಂದ, ಯಾರ ಆದೇಶದ ಮೇಲೆ. ಈ ಒಂದು ಕಾಲಂ ಬಂದರೆ ಉಳಿದ ಮೂರು ತಾವಾಗಿ ಬಾಯಿ ಬಿಡುತ್ತವೆ.

ಪ್ರಶ್ನೆ ಬರೆಯುವ ರೀತಿಗೆ ಬರುತ್ತೇನೆ. ನಮ್ಮ ವಿಧಾನಸಭೆಯ ಪ್ರಶ್ನೆಗಳು (ಅ), (ಆ), (ಇ), (ಈ) ಅಂತ ಭಾಗವಾಗಿರುತ್ತವೆ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಬಹಳಷ್ಟು ಪ್ರಶ್ನೆಗಳ ಧಾಟಿ ಒಂದೇ: “(ಅ) ಇಂಥ ತಾಲ್ಲೂಕಿನಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡಿರುವ ಕ್ರಮಗಳೇನು?” ಇದಕ್ಕೆ ಉತ್ತರವನ್ನು ಯಾರು ಬೇಕಾದರೂ ಊಹಿಸಬಹುದು. (ಅ) ಬಂದಿದೆ. (ಆ) ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ಕೈಗೊಳ್ಳಲಾಗುವುದು. ಅಲ್ಲಿಗೆ ಮುಗಿಯಿತು. ಒಂದು ಪ್ರಶ್ನೆ ಖರ್ಚಾಯಿತು, ಪೇಪರಿನಲ್ಲಿ ಶಾಸಕರ ಫೋಟೋ ಬಂತು, ಪಿಎಚ್‌ಸಿಯಲ್ಲಿ ಏನೂ ಬದಲಾಗಲಿಲ್ಲ.

ಅದೇ ವಿಷಯವನ್ನು ಹೀಗೆ ಬರೆಯಬಹುದು. (ಅ) ಈ ತಾಲ್ಲೂಕಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೃಂದವಾರು ಮಂಜೂರಾದ, ಭರ್ತಿಯಾದ ಹುದ್ದೆಗಳೆಷ್ಟು, ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಹೊರಗಿರುವವರೆಷ್ಟು. (ಆ) ಕಳೆದ ಹನ್ನೆರಡು ತಿಂಗಳಲ್ಲಿ ಪ್ರತಿ ಕೇಂದ್ರದಲ್ಲಿ ತಿಂಗಳುವಾರು ಆದ ಹೆರಿಗೆಗಳೆಷ್ಟು, ಬೇರೆಡೆಗೆ ಕಳಿಸಿದ ಹೆರಿಗೆಗಳೆಷ್ಟು, ಕಳಿಸಲು ಕಾರಣವೇನು. (ಇ) 24 ಗಂಟೆ ಸೇವೆ ಎಂದು ಘೋಷಿಸಿದ ಕೇಂದ್ರಗಳಲ್ಲಿ ಮೂವರು ಸ್ಟಾಫ್ ನರ್ಸ್‌ಗಳು ವಾಸ್ತವವಾಗಿ ಪಾಳಿಯಲ್ಲಿರುವ ಕೇಂದ್ರಗಳು ಯಾವುವು. (ಈ) ನಿಯೋಜನೆಗಳನ್ನು ಯಾವ ದಿನಾಂಕದೊಳಗೆ ರದ್ದುಪಡಿಸಲಾಗುವುದು? ಇಲ್ಲಿ ‘ಗಮನಕ್ಕೆ ಬಂದಿದೆ’ ಅಂತ ಜಾರಿಕೊಳ್ಳಲು ಜಾಗವಿಲ್ಲ. ಉತ್ತರ ಅಂಕಿಯಲ್ಲೇ ಬರಬೇಕು, ಅನುಬಂಧ ಲಗತ್ತಿಸಲೇಬೇಕು.

ಪ್ರಶ್ನೆ ಹೋಗುವ ದಾರಿಯನ್ನು ತಿಳಿದುಕೊಂಡರೆ ಅದರ ಬಲ ಎಲ್ಲಿದೆ ಅಂತ ಗೊತ್ತಾಗುತ್ತದೆ. ಶಾಸಕರು ಅಧಿವೇಶನಕ್ಕೆ ಸಾಕಷ್ಟು ಮೊದಲೇ ವಿಧಾನಸಭೆಯ ಸಚಿವಾಲಯಕ್ಕೆ ಸೂಚನೆ ಕೊಡಬೇಕು. ಯಾವ ಇಲಾಖೆಗೆ ಯಾವ ದಿನ ಅಂತ ಮೊದಲೇ ನಿಗದಿಯಾಗಿರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಾದರೆ ಲಿಖಿತ ಉತ್ತರ. ಚುಕ್ಕೆ ಗುರುತಿನದು ಸಿಗದಿದ್ದರೆ ಬೇಜಾರಾಗಬೇಕಿಲ್ಲ. ಉದ್ದನೆಯ ಪಟ್ಟಿ ಬೇಕಿದ್ದರೆ ಲಿಖಿತ ಉತ್ತರವೇ ಮೇಲು. ಪ್ರಶ್ನೆ ಇಲಾಖೆಗೆ ಹೋಗಿ, ಅಲ್ಲಿಂದ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರುತ್ತದೆ. ಕಚೇರಿಗಳಲ್ಲಿ ‘ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ) ಬಂದಿದೆ’ ಅಂದರೆ ಉಳಿದ ಕೆಲಸ ಬದಿಗಿಡುತ್ತಾರೆ. ಅದಕ್ಕೆ ಸಹಿ ಮಾಡಿ ಕಳಿಸುವ ಅಧಿಕಾರಿಗೆ, ತಪ್ಪು ಅಂಕಿ ಕೊಟ್ಟರೆ ಮಂತ್ರಿಗಳು ಸದನದಲ್ಲಿ ಮುಜುಗರ ಪಡುತ್ತಾರೆ ಅನ್ನುವ ಹೆದರಿಕೆ ಇರುತ್ತದೆ. ಎಷ್ಟೋ ಸಲ ನಿಯೋಜನೆ ರದ್ದಾಗುವುದು ಉತ್ತರ ಬಂದಮೇಲಲ್ಲ, ಉತ್ತರ ಬರೆಯುವಾಗಲೇ. ‘ಶೂನ್ಯ’ ಅಂತ ಬರೆಯಲು ಸಾಧ್ಯವಾಗಲಿ ಅಂತ ಹಿಂದಿನ ದಿನವೇ ಆದೇಶ ಹೊರಡುತ್ತದೆ. ನಮಗೆ ಅಷ್ಟು ಸಾಕು.

ಶೂನ್ಯ ವೇಳೆಯಲ್ಲಿ ಏರುದನಿಯಲ್ಲಿ ಮಾತಾಡಿದ ವಿಡಿಯೋ ನೋಡಿ ನಾವು ಮೆಚ್ಚಿಕೊಳ್ಳುತ್ತೇವೆ. ತುರ್ತು ವಿಷಯಕ್ಕೆ ಅದೂ ಬೇಕು. ಗಮನ ಸೆಳೆಯುವ ಸೂಚನೆ, ತುರ್ತು ಸಾರ್ವಜನಿಕ ವಿಷಯಕ್ಕೆ ನಿಯಮ 69ರ ಚರ್ಚೆ ಇವೂ ಇವೆ. ಆದರೆ ಆಸ್ಪತ್ರೆ ನಡೆಸುವಂಥ ನಿಧಾನದ ವಿಷಯಕ್ಕೆ ಲಿಖಿತ ಪ್ರಶ್ನೆಯ ಹತ್ತಿರ ಯಾವುದೂ ಸುಳಿಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೆರಿಗೆಯ ವಿಷಯ ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ನಾಲ್ಕು ಒಟ್ಟಿಗೇ ಇರಬೇಕು: ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು, ರಕ್ತ ಶೇಖರಣಾ ಘಟಕ. ಮೂರಿದ್ದು ಒಂದಿಲ್ಲದಿದ್ದರೆ ಫಲ ಸೊನ್ನೆಯೇ. ಹಳ್ಳಿ ಕಡೆ ಹೆಚ್ಚಾಗಿ ಇಲ್ಲದಿರುವುದು ಅರಿವಳಿಕೆಯವರು. ಅವರಿಗೆ ಖಾಸಗಿಯಲ್ಲಿ ಒಂದೊಂದು ಕೇಸಿಗೆ ಕರೆ ಬರುತ್ತದೆ, ಜಿಲ್ಲಾ ಕೇಂದ್ರ ಬಿಟ್ಟು ಬರಲು ಒಪ್ಪುವುದಿಲ್ಲ. ಇತ್ತ ಪ್ರಸೂತಿ ತಜ್ಞರು ಇದ್ದೂ ಬಸುರಿಯನ್ನು ‘ಮುಂದೆ ಕರ್ಕೊಂಡು ಹೋಗಿ’ ಅನ್ನಬೇಕಾಗುತ್ತದೆ. 108 ಬರುತ್ತದೆ, ಜಿಲ್ಲೆಗೆ ಹೋಗುತ್ತದೆ. ಅಷ್ಟು ಹೊತ್ತು ತಾಲ್ಲೂಕಿನ ಆ ಆಂಬುಲೆನ್ಸ್ ಇನ್ನೊಬ್ಬರಿಗೆ ಸಿಗುವುದಿಲ್ಲ. ಹಾಗಾಗಿ ‘ಇನ್ನೊಂದು ಆಂಬುಲೆನ್ಸ್ ಕೊಡಿ’ ಅನ್ನುವ ಬೇಡಿಕೆಯ ಬೇರು ಎಷ್ಟೋ ಕಡೆ ಅರಿವಳಿಕೆ ತಜ್ಞರ ಖಾಲಿ ಹುದ್ದೆಯಲ್ಲಿರುತ್ತದೆ. ಶಾಸಕರು ಉಪಪ್ರಶ್ನೆ ಕೇಳುವುದಾದರೆ ಇದನ್ನು ಕೇಳಲಿ: ವೈದ್ಯಕೀಯ ಪದವಿ ಮುಗಿಸಿದವರ ಕಡ್ಡಾಯ ಸೇವೆಗೆ ನಮ್ಮಲ್ಲಿ 2012ರ ಕಾಯ್ದೆ ಇದೆ, ಅದರಡಿ ಅರಿವಳಿಕೆ ಸ್ನಾತಕೋತ್ತರ ಮುಗಿಸಿದವರಲ್ಲಿ ಎಷ್ಟು ಜನರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದಿರಿ? ಎಂಬಿಬಿಎಸ್ ವೈದ್ಯರಿಗೆ ತುರ್ತು ಅರಿವಳಿಕೆಯ ತರಬೇತಿ ಕೊಡುವ ವ್ಯವಸ್ಥೆಯೂ ಇದೆ, ಈ ತಾಲ್ಲೂಕಿನಿಂದ ಯಾರನ್ನು ಕಳಿಸಿದಿರಿ? ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲೂ ಶಾಸಕರಿರುತ್ತಾರೆ. ಅದರ ನಡವಳಿ ಪುಸ್ತಕ ತೆಗೆಸಿ ಓದಿಕೊಂಡರೆ ಸದನಕ್ಕೆ ಬೇಕಾದ ಅರ್ಧ ಸಾಮಗ್ರಿ ಅಲ್ಲೇ ಸಿಗುತ್ತದೆ.

ಹೊಸ ತಾಲ್ಲೂಕಿನವರಿಗೆ ಒಂದು ಮಾತು. ತಾಲ್ಲೂಕು ಅಂತ ಘೋಷಣೆಯಾಯಿತು, ತಹಸೀಲ್ದಾರರು ಬಂದರು, ಬೋರ್ಡು ಬಂತು. ಆಸ್ಪತ್ರೆ ಮಾತ್ರ ಹಲವು ಕಡೆ ಹಳೆಯ ಸಮುದಾಯ ಆರೋಗ್ಯ ಕೇಂದ್ರವೇ, 30 ಹಾಸಿಗೆಯದ್ದು. ಮೇಲ್ದರ್ಜೆಗೇರಿಸಿ ಅಂತ ಕೇಳುವಾಗ ಕಟ್ಟಡದ ಜೊತೆಗೆ ಹುದ್ದೆ ಸೃಜನೆಯ ಆದೇಶವನ್ನೂ ಕೇಳಿ. ಹುದ್ದೆ ಮಂಜೂರಾಗದೆ 100 ಹಾಸಿಗೆಯ ಕಟ್ಟಡ ಎದ್ದರೆ, ಅದಕ್ಕೆ ಸಿಬ್ಬಂದಿಯನ್ನು ಸುತ್ತಲಿನ ಪಿಎಚ್‌ಸಿಗಳಿಂದ ನಿಯೋಜನೆ ಮೇಲೆ ಎಳೆಯುತ್ತಾರೆ. ಮತ್ತೆ ನಾಲ್ಕನೇ ಕಾಲಮ್ಮಿಗೇ ಬಂದೆವು.

ಅಳತೆಯ ವಿಷಯಕ್ಕೆ ಹಟ ಹಿಡಿಯುವುದು ನಮಗೇನು ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡಿದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಜಮೀನಿನ ಒಡೆಯರು ಅಳೆದುಕೊಳ್ಳುವ ಕೊಳಗ ದೊಡ್ಡದಾಯಿತು ಅಂತ ಗೇಣಿದಾರರು ತಕರಾರು ತೆಗೆದರು. ಮರುವರ್ಷ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಅದೇ ಸೀಮೆಯಿಂದ ಸದನಕ್ಕೆ ಹೋದರು. ವಿರೋಧ ಪಕ್ಷದ ಬೆಂಚಿನಲ್ಲಿ ಬೆರಳೆಣಿಕೆಯ ಜನ. ಗೇಣಿದಾರರ ವಿಷಯವನ್ನು ಅವರು ಕೈಬಿಡಲಿಲ್ಲ. ಅವರು ತೀರಿಕೊಂಡದ್ದು 1972ರಲ್ಲಿ, ಉಳುವವನಿಗೆ ಭೂಮಿ ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ವಿಷಯ ಎಲ್ಲಿಗೋ ಹೋಯಿತು, ಬಸ್ಸಿಗೆ ಬರೋಣ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಒಳ್ಳೆಯದೇ ಆಯಿತು. ಆದರೆ ಬಸ್ಸೇ ಬಾರದ ಊರಿನ ಹೆಣ್ಣುಮಗಳಿಗೆ ಅದರಿಂದ ಬಂದದ್ದೇನು? ಡಿಪೋದಲ್ಲಿ ಪ್ರತಿ ಮಾರ್ಗಕ್ಕೂ ಒಂದು ಷೆಡ್ಯೂಲ್ ಸಂಖ್ಯೆ ಇರುತ್ತದೆ, ಒಂದು ಷೆಡ್ಯೂಲಿನಲ್ಲಿ ಇಷ್ಟು ಟ್ರಿಪ್ಪು ಅಂತ ಇರುತ್ತದೆ. ‘ನಮ್ಮೂರಿಗೆ ಬಸ್ ಬಿಡಿ’ ಅಂತ ಬರೆದುಕೊಟ್ಟರೆ ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬರುತ್ತದೆ. ಬರೆಯಬೇಕಾದ್ದು ಹೀಗೆ: ಇಂಥ ಘಟಕದ (ಡಿಪೋದ) ಇಂಥ ಷೆಡ್ಯೂಲಿನಲ್ಲಿ ಆರು ತಿಂಗಳಲ್ಲಿ ನಿಗದಿಯಾದ ಟ್ರಿಪ್ ಎಷ್ಟು, ಓಡಿದ್ದೆಷ್ಟು, ರದ್ದಾದದ್ದಕ್ಕೆ ದಿನವಾರು ಕಾರಣವೇನು. ಕಾರಣದ ಕಾಲಮ್ಮಿನಲ್ಲಿ ಸಾಮಾನ್ಯವಾಗಿ ಚಾಲಕರ ಕೊರತೆ, ವಾಹನ ಕೆಟ್ಟಿತ್ತು, ರಸ್ತೆ ಸರಿಯಿಲ್ಲ, ಸಾಂದರ್ಭಿಕ ಒಪ್ಪಂದ ಅಂತ ನಾಲ್ಕು ಬರುತ್ತವೆ. ಕೊನೆಯದೆಂದರೆ ಮದುವೆ, ಜಾತ್ರೆ, ಸಮಾವೇಶಕ್ಕೆ ಬಸ್ಸು ಬಾಡಿಗೆಗೆ ಹೋದದ್ದು. ಫಲಾನುಭವಿಗಳ ಸಮಾವೇಶಕ್ಕೆ ಹೋದದ್ದೂ ಅದರಲ್ಲೇ ಸೇರಿರುತ್ತದೆ, ಅದನ್ನು ಶಾಸಕರು ಕೇಳುವರೋ ಇಲ್ಲವೋ ನೋಡಬೇಕು.

ರಾತ್ರಿ ಹಾಲ್ಟಿಂಗ್ ಬಸ್ಸು ತಪ್ಪಿಹೋಗುವುದಕ್ಕೆ ಇನ್ನೊಂದು ಕಾರಣ ಇದೆ, ಅದು ನಿಮ್ಮ ಕೈಯಲ್ಲೇ ಇದೆ. ಸಂಜೆ ಕೊನೆಯ ಬಸ್ಸು ಊರಲ್ಲೇ ಉಳಿದು ಬೆಳಿಗ್ಗೆ ಆರಕ್ಕೆ ಹೊರಟರೆ ಪಿಯು, ಡಿಗ್ರಿ ಮಕ್ಕಳಿಗೆ ಮೊದಲ ಪೀರಿಯಡ್ ಸಿಗುತ್ತದೆ. ಉಳಿಯುವ ಚಾಲಕ, ನಿರ್ವಾಹಕರಿಗೆ ಮಲಗಲು ಒಂದು ಕೋಣೆ, ಫ್ಯಾನು, ಶೌಚಾಲಯ, ನೀರು ಬೇಕು. ಈಗ ನಿರ್ವಾಹಕರಲ್ಲಿ ಮಹಿಳೆಯರೂ ಇದ್ದಾರೆ, ಬಾಗಿಲಿಗೆ ಒಳಚಿಲಕ ಬೇಕು. ಬಸ್ಸಿನಲ್ಲೇ ಸೊಳ್ಳೆ ಕಚ್ಚಿಸಿಕೊಂಡು ಮಲಗಿ ಅಂದರೆ ಯಾರೂ ಆ ಡ್ಯೂಟಿ ಹಾಕಿಸಿಕೊಳ್ಳುವುದಿಲ್ಲ, ಘಟಕ ವ್ಯವಸ್ಥಾಪಕರು ‘ಸಿಬ್ಬಂದಿ ಕೊರತೆ’ ಅಂತ ಬರೆದು ಹಾಲ್ಟಿಂಗ್ ತೆಗೆಯುತ್ತಾರೆ. ಪಂಚಾಯ್ತಿ ಕಟ್ಟಡದಲ್ಲೊಂದು ಕೋಣೆ ಬಿಟ್ಟುಕೊಟ್ಟು, ಠರಾವು ಮಾಡಿ, ಅದರ ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೂ ಶಾಸಕರಿಗೂ ಕೊಡಿ. ಮನವಿಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳ ಸಂಖ್ಯೆ, ಪಾಸ್ ಇರುವವರ ಸಂಖ್ಯೆ, ಮೊದಲ ತರಗತಿಯ ವೇಳೆ ಇರಲಿ. ಹುಡುಗರು ಬೈಕಿನಲ್ಲೋ ಟೆಂಪೋದಲ್ಲೋ ಹೇಗಾದರೂ ಹೋಗುತ್ತಾರೆ. ಬಸ್ಸು ತಪ್ಪಿದರೆ ಓದು ನಿಲ್ಲುವುದು ಹುಡುಗಿಯರದು, ಅದಕ್ಕೇ ಸಂಖ್ಯೆಯನ್ನು ಹುಡುಗ, ಹುಡುಗಿ ಅಂತ ಬೇರೆ ಬೇರೆ ಬರೆಯಿರಿ.

ಶಾಲೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಅಂದರೆ 20 ಮಕ್ಕಳಿದ್ದರೂ ಇಬ್ಬರು ಇರಲೇಬೇಕು. 30 ಮಕ್ಕಳಿಗೆ ಒಬ್ಬರು ಅನ್ನುವ ಸಾಲನ್ನಷ್ಟೇ ಹಿಡಿದು ‘ನಿಮ್ಮಲ್ಲಿ ಒಬ್ಬರು ಹೆಚ್ಚುವರಿ’ ಅಂತ ಎತ್ತಂಗಡಿ ಮಾಡಲು ಬಂದರೆ ಕಾಯ್ದೆಯ ಅನುಸೂಚಿ ತೋರಿಸಿ. ಅದೇ ಕಾಯ್ದೆಯ 27ನೇ ಪ್ರಕರಣ, ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ ಅನ್ನುತ್ತದೆ. ಅತಿಥಿ ಶಿಕ್ಷಕರ ವಿಷಯದಲ್ಲಿ ಕೇಳಬೇಕಾದ್ದು ಎರಡೇ: ನೇಮಕದ ದಿನಾಂಕ, ಗೌರವಧನ ಪಾವತಿಯಾದ ದಿನಾಂಕ. ಶಾಲೆ ಶುರುವಾಗುವುದು ಜೂನಿನ ಹೊತ್ತಿಗೆ, ಆದೇಶ ತಡವಾದರೆ ನಡುವಿನ ವಾರಗಳು ಮಕ್ಕಳ ಲೆಕ್ಕಕ್ಕೆ ಹೋಗುತ್ತವೆ.

ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ಕ್ಕೆ ರಾಜ್ಯದಾದ್ಯಂತ ಜಾರಿಯಾಯಿತು. ಗರ್ಭಿಣಿ, ಬಾಣಂತಿಯರು ಕೇಂದ್ರಕ್ಕೆ ಬಂದು ಬಿಸಿಯೂಟ ಮಾಡಬೇಕು, ತಿಂಗಳಿಗೆ 25 ದಿನ. ಮನೆಗೆ ಕೊಟ್ಟರೆ ಗಂಡ, ಅತ್ತೆ, ಮಕ್ಕಳಿಗೆ ಹಂಚಿಹೋಗುತ್ತದೆ, ಇಲ್ಲೇ ಉಂಡರೆ ಅವಳ ಹೊಟ್ಟೆಗೇ ಸೇರುತ್ತದೆ ಅನ್ನುವುದು ಅದರ ತರ್ಕ. ಮನೆಗಳು ಒತ್ತಾಗಿರುವ ಬಯಲುಸೀಮೆಯ ಊರಿನಲ್ಲಿ ತರ್ಕ ಸರಿ. ಮಲೆನಾಡಿನಲ್ಲಿ ಮನೆಯಿಂದ ಮನೆಗೇ ಅರ್ಧ ಮೈಲಿ, ನಡುವೆ ಹಳ್ಳ, ಮಳೆಗಾಲದಲ್ಲಿ ಸಂಕ (ಮರದ ಕಾಲುಸೇತುವೆ). ಎಂಟು ತಿಂಗಳ ಬಸುರಿ ಒಂದೂಟಕ್ಕೆ ಅಷ್ಟು ದೂರ ನಡೆದು ಬರುವಳೇ? ಬಾಣಂತಿ ಹಸುಗೂಸನ್ನು ಹೊತ್ತು ಬರುವಳೇ? ಕೂಲಿಗೆ ಹೋಗುವವಳಾದರೆ ಅಂಗನವಾಡಿಯ ಊಟದ ಹೊತ್ತಿಗೆ ತೋಟದಲ್ಲಿರುತ್ತಾಳೆ. ‘ಎಷ್ಟು ಫಲಾನುಭವಿಗಳು’ ಅಂತ ಕೇಳಿದರೆ ನೋಂದಣಿಯ ಸಂಖ್ಯೆ ಬರುತ್ತದೆ, ಅದು ಯಾವಾಗಲೂ ಚೆನ್ನಾಗೇ ಇರುತ್ತದೆ. ಕೇಳಬೇಕಾದ್ದು ತಿಂಗಳುವಾರು ಸರಾಸರಿ ಬಂದು ಉಂಡವರ ಸಂಖ್ಯೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು ಬೇರೆ, ಉಳಿದದ್ದು ಬೇರೆ, ಒಂದು ಕಿಲೋಮೀಟರಿಗಿಂತ ದೂರದ ಮನೆಯವರೆಷ್ಟು ಅನ್ನುವುದು. ನೋಂದಣಿಯ ಸಂಖ್ಯೆಗೂ ಬಂದು ಉಂಡವರ ಸಂಖ್ಯೆಗೂ ನಡುವಿನ ಅಂತರವೇ ಮನೆಗೆ ಆಹಾರ ಕೊಡಿ ಅನ್ನುವ ವಾದಕ್ಕೆ ಪುರಾವೆ. ಇದನ್ನು ಲೆಕ್ಕ ಹಾಕಿ ಕೊಡಬಲ್ಲವರು ಅಂಗನವಾಡಿ ಕಾರ್ಯಕರ್ತೆಯರು. ಅವರ ಹೆಸರು ಎಲ್ಲೂ ಬಾರದಂತೆ ನೋಡಿಕೊಳ್ಳಿ, ಮೇಲಿನವರ ನೋಟೀಸು ಮೊದಲು ಬರುವುದು ಅವರಿಗೇ.

ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗ್ರಾಮ ಪಂಚಾಯ್ತಿಗೂ ಬೆಂಗಳೂರಿಗೂ ನಡುವೆ ಚುನಾಯಿತರು ಅಂತ ಉಳಿದದ್ದು ಶಾಸಕರೊಬ್ಬರೇ. ಹಾಗಾಗಿ ತಾಲ್ಲೂಕು ಕೆಡಿಪಿ ಸಭೆಯ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಯ, ತೂಕ ಹೆಚ್ಚಾಯಿತು. ಮೂರು ತಿಂಗಳಿಗೊಮ್ಮೆ ಅವರದೇ ಅಧ್ಯಕ್ಷತೆಯಲ್ಲಿ ನಡೆಯುವ ಸಭೆ ಅದು. ಇಲಾಖೆಯವರು ಓದುವ ಪ್ರಗತಿ ವರದಿಯಲ್ಲಿ ಶೇಕಡಾ ಖರ್ಚಾದದ್ದೇ ಪ್ರಗತಿ. ಖರ್ಚು 98, ಡಾಕ್ಟರು ಸೊನ್ನೆ ಇರಬಹುದು. ನಾಲ್ಕನೇ ಕಾಲಮ್ಮನ್ನು ಮೊದಲು ಅಲ್ಲಿ ಕೇಳಿಸಿ, ಉತ್ತರ ನಡವಳಿಯಲ್ಲಿ ದಾಖಲಾಗಲಿ. ಸದನದಲ್ಲಿ ಬೇರೆ ಅಂಕಿ ಬಂದರೆ ಎರಡನ್ನೂ ಪಕ್ಕಪಕ್ಕ ಇಡಬಹುದು. ಬಯಲಿನ ಹಿಂದುಳಿದ ತಾಲ್ಲೂಕಿನವರು ಇನ್ನೊಂದನ್ನೂ ಕೈಯಲ್ಲಿಟ್ಟುಕೊಳ್ಳಿ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ನಂಜುಂಡಪ್ಪ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂದಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ನಿಮ್ಮದು ಯಾವ ಪಟ್ಟಿಯಲ್ಲಿತ್ತು ಅನ್ನುವುದು ಮನವಿಯ ಮೊದಲ ಸಾಲಿನಲ್ಲೇ ಇರಲಿ.

ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ 2005ರಲ್ಲೇ ಕಾಯ್ದೆ ಮಾಡಿಕೊಂಡಿದ್ದೇವೆ. ಅಷ್ಟು ದಿನ ಸೇರುವುದು ಅಪರೂಪ. ಬಜೆಟ್ ಅಧಿವೇಶನಕ್ಕೆ ಕೊಡುವ ಕಾಗದವನ್ನು ಜನವರಿ ಮೊದಲ ವಾರದೊಳಗೆ, ಬೆಳಗಾವಿ ಅಧಿವೇಶನದ್ದನ್ನು ದೀಪಾವಳಿ ಆಸುಪಾಸಿನಲ್ಲಿ ಕೊಟ್ಟುಬಿಡಿ. ಒಂದು ವಿಷಯಕ್ಕೆ ಒಂದೇ ಹಾಳೆ. ಹದಿನೆಂಟು ಬೇಡಿಕೆಯ ಮನವಿಯಲ್ಲಿ ಪಿಎ ಓದುವುದು ಮೊದಲನೆಯದನ್ನು ಮಾತ್ರ.

ಉತ್ತರದ ಪ್ರತಿ ವಿಧಾನಸಭೆಯ ಜಾಲತಾಣದಲ್ಲೂ ಸಿಗುತ್ತದೆ. ಅದನ್ನು ತೆಗೆಸಿಕೊಂಡು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ‘ಮೂರು ತಿಂಗಳೊಳಗೆ ಭರ್ತಿ ಮಾಡಲಾಗುವುದು’ ಅಂತ ಮಂತ್ರಿಗಳು ಹೇಳಿದ್ದರೆ ಅದು ಸದನಕ್ಕೆ ಕೊಟ್ಟ ಭರವಸೆ. ಗಡುವು ಮೀರಿದ ದಿನ ಶಾಸಕರ ಮೂಲಕ ಸರ್ಕಾರಿ ಭರವಸೆಗಳ ಸಮಿತಿಗೆ ಪತ್ರ ಹೋಗಬೇಕು, ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಕೇಳುತ್ತದೆ. ಅಂಕಿ ತಪ್ಪಿದ್ದರೆ, ಅಂದರೆ ಡಾಕ್ಟರಿದ್ದಾರೆ ಅಂತ ಉತ್ತರವಿದ್ದು ಊರಲ್ಲಿ ಇಲ್ಲದಿದ್ದರೆ, ಆ ದಿನದ ಹೊರರೋಗಿ ಪುಸ್ತಕದ ನಕಲು, ಪಂಚಾಯ್ತಿ ಠರಾವು ಎರಡನ್ನೂ ಲಗತ್ತಿಸಿ ಕೊಡಿ. ಗೊತ್ತಿದ್ದೂ ಸದನಕ್ಕೆ ತಪ್ಪು ಮಾಹಿತಿ ಕೊಟ್ಟದ್ದು ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಭಂಗ ತಂದ, ವಿಷಯ. ಹಕ್ಕುಚ್ಯುತಿ ಸೂಚನೆ ಬರುತ್ತದೆ ಅನ್ನುವ ಸುದ್ದಿ ಜಿಲ್ಲಾ ಕಚೇರಿಗೆ ತಲುಪಿದರೆ ಸಾಕು, ನಿಯೋಜನೆಯ ಫೈಲು ಆ ಸಂಜೆಯೇ ಟೇಬಲ್ಲಿಗೆ ಬರುತ್ತದೆ.